ಅಲ್ಯೂಮಿನಿಯಂ ಲೋಟ

ಮಾಗಿಯ ಚಳಿ ಇನ್ನೂ ಬಿಟ್ಟಿಲ್ಲ. ರಾತ್ರಿ ಊಟ ಮುಗಿಸಿ ನಮ್ಮ ಕಣಕ್ಕೆ ಬರುವ ಹುಡುಗರು ಮೊದಲು ಮಾಡುವ ಕೆಲಸ ಬೆಂಕಿ ಹಾಕುವುದು. ತಿಪಟೂರು ಸೀಮೆಯಲ್ಲಿ ಉರಿಗೆ ಬರವಿಲ್ಲ. ತೆಂಗಿನ ಮಟ್ಟೆ, ಕರಟ, ಒಣ ಸೋಗೆ ಎಲ್ಲಿ ಕೈ ಹಾಕಿದರೂ ಸಿಗುತ್ತವೆ. ಬೆಂಕಿಯ ಸುತ್ತ ಕೂತು ಹದಿನಾಲ್ಕು ಜನ ತಂತಮ್ಮ ಪಾರ್ಟು ಬಾಯಿಪಾಠ ಮಾಡುತ್ತಾರೆ. ಈ ಶಿವರಾತ್ರಿಗೆ ನಮ್ಮೂರ ಯುವಕ ಸಂಘದ್ದು ಎರಡು ನಾಟಕ: ಕುವೆಂಪು ಅವರ ‘ಜಲಗಾರ’, ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಮೊನ್ನೆ ಅವರಲ್ಲೊಬ್ಬಳು ಹುಡುಗಿ ಪುಸ್ತಕ ಮಡಚಿಟ್ಟು ಕೇಳಿದಳು: “ತಾತ, ನಿಮ್ಮ ಕಾಲದಲ್ಲೂ ಜಲಗಾರ ಆಡಿದ್ರಂತೆ. ಏನೋ ಗಲಾಟೆ ಆಗಿತ್ತಂತೆ, ಹೌದಾ?”

ಗಲಾಟೆ ಆಗಿದ್ದು ಹೌದು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಗಲಾಟೆಯಲ್ಲ, ಒಂದು ಲೋಟ. ಅಂದು ಬೆಂಕಿಯ ಮುಂದೆ ಆ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1984ನೇ ಇಸವಿ. ನಾನು ಬಿ.ಎ. ಮುಗಿಸಿ ತೋಟ ನೋಡಿಕೊಂಡಿದ್ದೆ. ಯುವಕ ಸಂಘದ ಕಾರ್ಯದರ್ಶಿ ನಾನೇ, ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವನೂ ನಾನೇ. ನಮ್ಮ ಕಡೆ ಶಿವರಾತ್ರಿ ಅಂದರೆ ಜಾಗರಣೆ, ಜಾಗರಣೆ ಅಂದರೆ ನಾಟಕ, ನಾಟಕ ಅಂದರೆ ‘ಕುರುಕ್ಷೇತ್ರ’. ಬೇರೆ ಮಾತೇ ಇರಲಿಲ್ಲ. ಗುಬ್ಬಿ ನಮ್ಮ ಜಿಲ್ಲೆಯದೇ ಊರು. 1884ರಲ್ಲಿ ಅಲ್ಲಿ ಶುರುವಾದ ನಾಟಕ ಕಂಪನಿಗೆ ವೀರಣ್ಣನವರು ನಾಡಿನಲ್ಲೆಲ್ಲ ಹೆಸರು ತಂದರು. ಅವರ ಕುರುಕ್ಷೇತ್ರದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವಂತೆ. ನಮ್ಮಜ್ಜ ಅದನ್ನು ಕಣ್ಣಾರೆ ನೋಡಿದ್ದವರು. ಸಾಯುವ ತನಕ ಆ ಆನೆಯ ಮಾತು ಆಡುತ್ತಿದ್ದರು. ಕಂಪನಿಗಳು ಮುಚ್ಚಿದವು, ಆದರೆ ಆ ನಾಟಕದ ಗುಂಗು ಹಳ್ಳಿಗಳಲ್ಲಿ ಉಳಿಯಿತು. ಹಗಲು ನೇಗಿಲು ಹಿಡಿದವನು ರಾತ್ರಿ ಕರ್ಣನಾಗಿ ಕುಂತಿಯ ಮುಂದೆ ನಿಂತು ಎದೆ ಬಿರಿಯುವ ಹಾಗೆ ಹಾಡುತ್ತಿದ್ದ. ಹಳ್ಳಿಯ ಪೌರಾಣಿಕ ನಾಟಕವನ್ನು ಹಗುರವಾಗಿ ಮಾತನಾಡುವವರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ.

ಆದರೆ ಅದರಲ್ಲೊಂದು ಕಟ್ಟಳೆ ಇತ್ತು. ಪಾರ್ಟಿಗೆ ದುಡ್ಡು ಕಟ್ಟಬೇಕು. ಸೀನರಿ ಬಾಡಿಗೆ, ಡ್ರೆಸ್ಸು, ಬಣ್ಣದವನು, ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮೇಷ್ಟ್ರ ಸಂಭಾವನೆ, ತುಮಕೂರಿನಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳ ಖರ್ಚು, ಎಲ್ಲ ಹೊರಡಬೇಕಲ್ಲ. ನಮ್ಮೂರಲ್ಲಿ ದುರ್ಯೋಧನನಿಗೆ ಐನೂರು ರೂಪಾಯಿ, ಕೃಷ್ಣನಿಗೆ ನಾನೂರು. ಹಾಗೇ ಇಳಿಯುತ್ತಾ ದ್ವಾರಪಾಲಕನಿಗೆ ಇಪ್ಪತ್ತೈದು. ಕಂಠ ಯಾರಿಗೆ ಇದೆ ಎಂಬುದು ಆಮೇಲಿನ ಮಾತು. ದಲಿತರ ಕಾಲೋನಿಯ ಹುಡುಗರಿಗೆ ದ್ವಾರಪಾಲಕನ ಪಾರ್ಟೂ ಬರುತ್ತಿರಲಿಲ್ಲ. ಅವರು ಪೆಂಡಾಲಿನ ಕಂಬ ನೆಡುತ್ತಿದ್ದರು, ರಾತ್ರಿ ಹಿಂದೆ ನಿಂತು ನಾಟಕ ನೋಡುತ್ತಿದ್ದರು.

ಆ ವರ್ಷ ಪಕ್ಕದೂರಿನ ಹೈಸ್ಕೂಲಿಗೆ ಹೊಸದಾಗಿ ಒಬ್ಬರು ಕನ್ನಡ ಮೇಷ್ಟ್ರು ಬಂದಿದ್ದರು. ‘ಸಮುದಾಯ’ ತಂಡದವರ ಬೀದಿನಾಟಕ ‘ಬೆಲ್ಚಿ’ಯನ್ನು ನೋಡಿ ನಿದ್ದೆಗೆಟ್ಟವರು. ಸಂಘದ ಮೀಟಿಂಗಿಗೆ ಬಂದು ಹೇಳಿದರು: “ಕುರುಕ್ಷೇತ್ರ ಆಡಿ, ನಾನೂ ನೋಡ್ತೀನಿ. ಅದಕ್ಕೆ ಮುಂಚೆ ಒಂದು ಗಂಟೆ ನನಗೆ ಕೊಡಿ. ದುಡ್ಡು ಕಟ್ಟೋದು ಬೇಡ.” ಕೈಯಲ್ಲಿ ತೆಳ್ಳನೆಯ ಪುಸ್ತಕ ಜಲಗಾರ. ನಮ್ಮಲ್ಲಿ ಯಾರಿಗೂ ಆ ಶಬ್ದ ಗೊತ್ತಿರಲಿಲ್ಲ. ಜಲ ಅಂತಿದೆಯಲ್ಲ, ಕೆರೆಗೆ ನೀರು ಬಿಡುವ ನೀರುಗಂಟಿಯ ಕಥೆ ಇರಬೇಕು ಅಂದುಕೊಂಡೆವು. ಮೇಷ್ಟ್ರು ಕೂತು ಓದಿ ಹೇಳಿದರು. ಬೀದಿ ಗುಡಿಸುವ ಒಬ್ಬ ಜಾಡಮಾಲಿ. ಊರವರೆಲ್ಲ ಶಿವಾಲಯಕ್ಕೆ ಹೋಗುತ್ತಿದ್ದಾರೆ, ಅವನು ತನ್ನ ಪಾಡಿಗೆ ತಾನು ಬೀದಿ ಗುಡಿಸುತ್ತಿದ್ದಾನೆ. ಕುವೆಂಪು ಅದನ್ನು ಬರೆದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಕೊನೆಯ ಭಾಗವನ್ನು ಮೇಷ್ಟ್ರು ಅಂದು ಓದಲಿಲ್ಲ. “ಅಲ್ಲಿ ಶಿವ ಬರ್ತಾನೆ, ಅದನ್ನ ಆಮೇಲೆ ನೋಡೋಣ” ಅಂದರು.

ಜಲಗಾರನ ಪಾರ್ಟು ಯಾರಿಗೆ? ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಕಾಲೋನಿಯ ಒಬ್ಬ ಹುಡುಗ ಬಾಗಿಲ ಪಕ್ಕ ನಿಂತಿದ್ದ. ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದ, ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡುತ್ತಿದ್ದ. ಅವನ ಕಂಠ ಊರಿಗೆಲ್ಲ ಗೊತ್ತು. ಅವನ ತಾಯಿ ದಿನಾ ಬೆಳಗ್ಗೆ ಗುಡಿಯ ಬೀದಿ ಗುಡಿಸುತ್ತಿದ್ದರು. ನಾವು ಯಾರೂ ಬಾಯಿ ಬಿಡುವ ಮೊದಲೇ ಅವನು ಅಂದ: “ಗೊತ್ತಾಯ್ತು ಬಿಡಿ. ಬೀದೀಲಿ ನಮ್ಮವ್ವ ಗುಡಿಸ್ತಾಳೆ, ನಾಟಕದಲ್ಲೂ ನಾನೇ ಗುಡಿಸಬೇಕಾ? ಕೊಡೋದಾದ್ರೆ ಶಿವನ ಪಾರ್ಟು ಕೊಡಿ. ಇಲ್ದಿದ್ರೆ ಕಂಬ ನೆಡೋಕೆ ಹೇಳಿ ಕಳಿಸಿ, ಬತ್ತೀನಿ.”

ಯಾರಿಗೂ ಉತ್ತರ ಹೊಳೆಯಲಿಲ್ಲ. ಆಗ ಎದ್ದು ನಿಂತವನು ಊರ ಗೌಡರ ಮಗ. ನೂರಾರು ತೆಂಗಿನ ಮರದ ಮನೆ, ಹುಟ್ಟಿದಾಗಿನಿಂದ ಕಸಬರಿಗೆ ಮುಟ್ಟಿದವನಲ್ಲ. “ಅವನು ಶಿವ ಆಗ್ಲಿ. ಜಲಗಾರ ನಾನಾಗ್ತೀನಿ” ಅಂದುಬಿಟ್ಟ. ಯಾಕೆ ಹಾಗಂದೆ ಅಂತ ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. “ಮಾತಿಗೆ ಮಾತು ಬಂತು ಕಣೋ” ಅನ್ನುತ್ತಿದ್ದನೇ ಹೊರತು ಬೇರೇನೂ ಹೇಳಲಿಲ್ಲ.

ಸಂಕ್ರಾಂತಿಯ ಮಾರನೇ ದಿನದಿಂದ ತಾಲೀಮು ಶುರು. ನಮ್ಮ ಮನೆಯ ಹಿಂದಿನ ಕೊಬ್ಬರಿ ಅಟ್ಟದ ಕೆಳಗೆ ಜಾಗ. ಎಂಟರಿಂದ ಒಂಬತ್ತೂವರೆ ಜಲಗಾರ, ಅಲ್ಲಿಂದ ನಡುರಾತ್ರಿಯ ತನಕ ಕುರುಕ್ಷೇತ್ರ. ಪೆಟ್ಟಿಗೆ ಮೇಷ್ಟ್ರು ಹತ್ತು ಮೈಲಿ ದೂರದಿಂದ ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಬರುತ್ತಿದ್ದರು. ಅದರ ತಿದಿಗೆ ಸೈಕಲ್ ಟ್ಯೂಬಿನ ತೇಪೆ. ಎಡಗೈಯಲ್ಲಿ ತಿದಿ ಒತ್ತುತ್ತಾ, ಬಲಗೈಯ ಮೂರೇ ಬೆರಳಲ್ಲಿ ಮೋಹನದಿಂದ ಕಲ್ಯಾಣಿಗೆ ಜಾರುವ ಅವರ ಕೈಯನ್ನು ನೋಡುತ್ತಾ ಕೂತರೆ ನನಗೆ ಹಸಿವು ಮರೆತುಹೋಗುತ್ತಿತ್ತು. ಮೊದಲನೇ ರಾತ್ರಿ ಶಿವನ ಪಾರ್ಟಿನ ಹುಡುಗ ಸ್ವರ ಎತ್ತಿದಾಗ ಮೇಷ್ಟ್ರ ಬೆರಳು ನಿಂತಿತು. “ಇದು ಕಪ್ಪು ಮೂರಕ್ಕೆ ಸಲೀಸಾಗಿ ಹೋಗೋ ಕಂಠ” ಅಂದರು. “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇವನನ್ನ?”

ಈಗ ಲೋಟದ ಮಾತು.

ಒಂಬತ್ತು ಗಂಟೆಗೆ ನಮ್ಮಮ್ಮ ಒಂದು ಪಾತ್ರೆ ಬೆಲ್ಲದ ಕಾಫಿ, ಒಂದು ತಟ್ಟೆಯಲ್ಲಿ ಸ್ಟೀಲ್ ಲೋಟಗಳನ್ನು ಕಳಿಸುತ್ತಿದ್ದರು. ಆ ತಟ್ಟೆಯಲ್ಲಿ ಒಂದು ಲೋಟ ಇರುತ್ತಿರಲಿಲ್ಲ. ಅದು ಹಿತ್ತಿಲ ಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಅಲ್ಯೂಮಿನಿಯಮ್ಮಿನದು, ಕಂಠ ಒಂದು ಕಡೆ ನೆಗ್ಗಿಹೋಗಿತ್ತು. ಕಾಫಿ ಬಂದ ಕೂಡಲೇ ಕಾಲೋನಿಯ ಹುಡುಗ ತಾನೇ ಎದ್ದು ಹೋಗಿ, ಗೂಡಿನಿಂದ ಅದನ್ನು ತೆಗೆದು, ಹಿಡಿಯುತ್ತಿದ್ದ. ಯಾರೋ ಮೇಲಿನಿಂದ ಕಾಫಿ ಬಿಡುತ್ತಿದ್ದರು. ಕುಡಿದು, ತೊಟ್ಟಿಯ ಪಕ್ಕ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕುತ್ತಿದ್ದ. ಅದೇ ಬಾಯಿಂದ ಐದು ನಿಮಿಷದ ಹಿಂದೆ ಅವನು ಶಿವನ ಮಾತು ಆಡಿರುತ್ತಿದ್ದ.

ಅದು ನಮ್ಮ ಮನೆ, ನಮ್ಮಮ್ಮನ ಕಾಫಿ. ಹೇಳಬೇಕಾದವನು ನಾನು. ಇಪ್ಪತ್ತು ರಾತ್ರಿ ನಾನು ಅದನ್ನು ನೋಡಿದೆ, ಇಪ್ಪತ್ತು ರಾತ್ರಿಯೂ ಸುಮ್ಮನಿದ್ದೆ. ಅಮ್ಮನಿಗೆ ಹೇಗೆ ಹೇಳುವುದು, ಅಪ್ಪ ಏನಂದಾರು, ನಾಟಕವೇ ನಿಂತುಹೋದರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಆ ಇಪ್ಪತ್ತು ರಾತ್ರಿಗಳ ಲೆಕ್ಕ ಈಗಲೂ ನನ್ನ ತಲೆಯ ಮೇಲಿದೆ.

ಇಪ್ಪತ್ತೊಂದನೇ ರಾತ್ರಿ ಕಾಫಿ ಬಂತು. ಕಾಲೋನಿಯ ಹುಡುಗ ಏಳುವುದಕ್ಕೆ ಮುಂಚೆ ಗೌಡರ ಮಗ ಎದ್ದ. ನೆಟ್ಟಗೆ ಗೂಡಿನ ಹತ್ತಿರ ಹೋಗಿ ಅಲ್ಯೂಮಿನಿಯಂ ಲೋಟ ತೆಗೆದುಕೊಂಡು ಬಂದು ಮುಂದೆ ಹಿಡಿದ. “ಜಲಗಾರ ನಾನು ತಾನೆ? ಹಂಗಾದ್ರೆ ಈ ಲೋಟ ನಂದು. ಬಿಡು ಕಾಫಿ” ಅಂದ. ಕಾಫಿ ಬಿಡುತ್ತಿದ್ದವನು ನಾನೇ. ನನ್ನ ಕೈ ನಡುಗಿತು. ಅವನು ಗಟಗಟ ಕುಡಿದ, ತೊಟ್ಟಿಯ ಪಕ್ಕ ಕೂತು ತೊಳೆದ, ಗೂಡಿನಲ್ಲಿ ಬೋರಲು ಹಾಕಿದ. ಒಂದು ಸ್ಟೀಲ್ ಲೋಟ ತಟ್ಟೆಯಲ್ಲಿ ಉಳಿಯಿತು. ಶಿವನ ಪಾರ್ಟಿನವನು ಅದನ್ನು ನೋಡಿದ, ನಮ್ಮ ಮುಖ ನೋಡಿದ, ತೆಗೆದುಕೊಂಡು ಕುಡಿದ. ಯಾರೂ ಒಂದು ಮಾತಾಡಲಿಲ್ಲ. ಪೆಟ್ಟಿಗೆ ಮೇಷ್ಟ್ರು ಮಾತ್ರ ಶ್ರುತಿ ಹಿಡಿದು, “ಸರಿ, ಮುಂದಿನ ಸೀನು” ಅಂದರು.

ಅಡಿಗೆಮನೆಯ ಕಿಟಕಿಯಿಂದ ಅಮ್ಮ ಎಲ್ಲವನ್ನೂ ನೋಡಿದ್ದರು. ಊರಗೌಡರ ಮಗ ನಮ್ಮ ಹಿತ್ತಿಲಲ್ಲಿ ಆ ಲೋಟದಲ್ಲಿ ಕುಡಿದ ಅನ್ನುವುದು ಅವರಿಗೆ ಎಷ್ಟು ಇರಿಸುಮುರಿಸಾಗಿರಬೇಕು! ಮಾರನೇ ರಾತ್ರಿ ಗೂಡು ಬರಿದಾಗಿತ್ತು. ತಟ್ಟೆಯಲ್ಲಿ ಎಲ್ಲರಿಗೂ ಲೆಕ್ಕಕ್ಕೆ ಸರಿಯಾಗಿ ಸ್ಟೀಲ್ ಲೋಟ. ಅಲ್ಯೂಮಿನಿಯಂ ಲೋಟವನ್ನು ಅಮ್ಮ ಏನು ಮಾಡಿದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯಕ್ಕೆ ಅಷ್ಟೇ ಮಾತು.

ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಪುಸ್ತಕ ಒಂದೇ ಇದ್ದದ್ದರಿಂದ ಪ್ರತಿಯೊಬ್ಬನ ಪಾರ್ಟನ್ನೂ ಬೇರೆ ಬೇರೆ ನೋಟ್ ಬುಕ್ಕಿಗೆ ಇಳಿಸಿಕೊಡುತ್ತಿದ್ದೆವು. ಮಾತು ಮಾತ್ರ, ರಂಗಸೂಚನೆ ಇಲ್ಲ. ಕೊನೆಯ ದೃಶ್ಯವನ್ನು ನಿಲ್ಲಿಸುವ ದಿನ ಕನ್ನಡ ಮೇಷ್ಟ್ರು ಪೂರ್ತಿ ಓದಿದರು. ಆ ನಾಟಕದಲ್ಲಿ ಶಿವ ಜಟೆ ಗಂಗೆ ಹೊತ್ತುಕೊಂಡು ಬರುವುದಿಲ್ಲ. ಅವನೂ ಜಲಗಾರನಾಗಿಯೇ ಬರುತ್ತಾನೆ, ಜಗತ್ತನ್ನು ಗುಡಿಸುವ ಜಲಗಾರ.

ಹುಡುಗ ನೋಟ್ ಬುಕ್ಕನ್ನು ನೆಲದ ಮೇಲಿಟ್ಟ. ಎಸೆಯಲಿಲ್ಲ, ಇಟ್ಟ. “ಸುತ್ತಿ ಬಳಸಿ ಕೊನೆಗೂ ಪರ್ಕೆ ನನ್ನ ಕೈಗೇ ಬಂತಲ್ಲ ಮೇಷ್ಟ್ರೇ. ನಾನು ಕೇಳಿದ್ದು ಕಿರೀಟ” ಅಂದು ಹೊರಟುಹೋದ. ಮೂರು ರಾತ್ರಿ ಬರಲಿಲ್ಲ. ನಾಲ್ಕನೇ ದಿನ ನಾನೂ ಗೌಡರ ಮಗನೂ ಕಾಲೋನಿಗೆ ಹೋದೆವು. ಇಪ್ಪತ್ತೆರಡು ವರ್ಷ ಅದೇ ಊರಲ್ಲಿ ಬೆಳೆದಿದ್ದ ನಾನು ಅವನ ಮನೆಯ ಬಾಗಿಲು ಕಂಡದ್ದು ಅವತ್ತೇ. ಅವನು ಮಾತಾಡಲಿಲ್ಲ. ಒಲೆಯ ಮುಂದೆ ಕೂತಿದ್ದ ಅವನ ತಾಯಿ ಕೇಳಿದರು: “ಏನ್ ಬುದ್ದಿ, ಏನಾತು?” ಗೌಡರ ಮಗ ಕಥೆಯನ್ನೆಲ್ಲ ಹೇಳಿದ. ಕೇಳುತ್ತಾ ಕೇಳುತ್ತಾ ಆ ತಾಯಿ ಒಲೆಗೆ ಸೌದೆ ನೂಕುವುದನ್ನು ಮರೆತರು. “ಶಿವಪ್ಪ ಪರ್ಕೆ ಹಿಡ್ಕೊಂಡು ಬತ್ತಾನಾ? ನಿಜವಾಗ್ಲೂ ಪುಸ್ತಕದಾಗೆ ಹಂಗೇ ಬರ್ದವ್ರಾ?” ಅಂದರು. ಆಮೇಲೆ ಮಗನ ಕಡೆ ತಿರುಗಿ, “ನಾನು ನೋಡ್ಬೇಕು ಕಣ್ಲಾ ಅದನ್ನ” ಅಂದರು. ಮಗ ಅಂದು ರಾತ್ರಿ ತಾಲೀಮಿಗೆ ಬಂದ.

ಅವರು ಅಷ್ಟಕ್ಕೇ ಬಿಡಲಿಲ್ಲ. ತೆಂಗಿನ ಗರಿ ಕಡ್ಡಿ ಸೀಳಿ ಒಂದೇ ಅಳತೆಯ ಎರಡು ಉದ್ದನೆಯ ಪೊರಕೆ ಕಟ್ಟಿಕೊಟ್ಟರು, ಒಂದು ಶಿವನಿಗೆ, ಒಂದು ಜಲಗಾರನಿಗೆ. ಗೌಡರ ಮಗ ಪೊರಕೆ ಹಿಡಿದ ರೀತಿ ನೋಡಿ ಅವರಿಗೆ ನಗು. ಮಂಗಳಾರತಿ ತಟ್ಟೆ ಹಿಡಿದ ಹಾಗೆ ಹಿಡಿದಿದ್ದ. ಮೂರು ದಿನ ಬೆಳಗಿನ ಜಾವ ಗುಡಿಯ ಬೀದಿಯಲ್ಲಿ ಅವನು ಅವರಿಂದ ಗುಡಿಸುವುದನ್ನು ಕಲಿತ. ಎಡಗೈ ಬೆನ್ನ ಮೇಲೆ ಮಡಚಿಡಬೇಕು, ಸೊಂಟ ಬಗ್ಗಬೇಕು, ಪೊರಕೆಯ ತುದಿ ನೆಲ ಸವರಬೇಕೇ ಹೊರತು ಕೆರೆಯಬಾರದು, ಗಾಳಿಗೆ ಬೆನ್ನು ಕೊಟ್ಟು ಹಿಂದಕ್ಕೆ ಹೆಜ್ಜೆ ಇಡುತ್ತಾ ಬರಬೇಕು. ನಮ್ಮ ಕಡೆ ಆಗ ಕಾಲೋನಿಯ ಎಷ್ಟೇ ವಯಸ್ಸಾದ ಹೆಂಗಸನ್ನೂ ಮೇಲಿನ ಕೇರಿಯ ಎಳೆಯ ಹುಡುಗರು ಏಕವಚನದಲ್ಲೇ ಕರೆಯುತ್ತಿದ್ದರು. ಮೂರನೇ ಬೆಳಗ್ಗೆ ಅವನು “ಅವ್ವ, ಹಿಂಗಾ?” ಅಂದದ್ದನ್ನು ನಾನೇ ಕೇಳಿದೆ.

ಊರು ಸುಮ್ಮನಿರಲಿಲ್ಲ. ರಂಗದ ಮೇಲಿನ ದೇವರಿಗೆ ನಮ್ಮ ಹೆಂಗಸರು ಕರ್ಪೂರ ಹಚ್ಚುತ್ತಾರೆ, ಕೃಷ್ಣನ ವೇಷ ಬಂದರೆ ಮುದುಕಿಯರು ಕಾಲು ಮುಟ್ಟುತ್ತಾರೆ. ಶಿವರಾತ್ರಿಯ ದಿನ, ಶಿವನ ಗುಡಿಯ ಮುಂದೆ, ಕಾಲೋನಿಯ ಹುಡುಗ ಶಿವನಾಗಿ ನಿಲ್ಲುವುದೆಂದರೇನು? ಗೌಡರ ಮಗ ಪೊರಕೆ ಹಿಡಿಯುವುದೆಂದರೇನು? ಅಪ್ಪ ಮಗನ ನಡುವೆ ಮಾತು ನಿಂತಿತು. ಐನೂರು ಕಟ್ಟಿದ್ದ ದುರ್ಯೋಧನ, ಜಲಗಾರ ಆಡಿದರೆ ತನ್ನ ದುಡ್ಡು ವಾಪಸು ಕೊಡಿ ಅಂದ. ಆಗ ಮಾತಾಡಿದವರು ನಾವು ಯಾರೂ ನೆನೆಸದಿದ್ದ ಪೆಟ್ಟಿಗೆ ಮೇಷ್ಟ್ರು. ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿ, ಸೈಕಲ್ಲಿಗೆ ಹಗ್ಗ ಬಿಗಿಯುತ್ತಾ, “ಆ ಹುಡುಗ ಹಾಡಿದ್ರೆ ನಾನು ಎರಡು ನಾಟಕಕ್ಕೂ ನುಡಿಸ್ತೀನಿ. ಅವನಿಲ್ದಿದ್ರೆ ನಾನೂ ಇಲ್ಲ” ಅಂದರು. ಶಿವರಾತ್ರಿಗೆ ಒಂಬತ್ತು ದಿನ ಉಳಿದಿತ್ತು. ಇನ್ನೊಬ್ಬ ಪೆಟ್ಟಿಗೆ ಮೇಷ್ಟ್ರು ಎಲ್ಲಿ ಸಿಗಬೇಕು? ಹಿರಿಯರು ಒಂದು ಷರತ್ತು ಹಾಕಿ ಒಪ್ಪಿದರು: ಗುಡಿಯ ಮುಂದೆ ಬೇಡ, ಸ್ಕೂಲಿನ ಬಯಲಲ್ಲಿ ಆಡಿಕೊಳ್ಳಿ. ನಾವೂ ಒಪ್ಪಿದೆವು. ಒಪ್ಪಬಾರದಿತ್ತು ಅಂತ ಈಗ ಅನ್ನಿಸುತ್ತದೆ, ಆಗ ಅಷ್ಟು ಎದೆಗಾರಿಕೆ ಇರಲಿಲ್ಲ.

ಶಿವರಾತ್ರಿಯ ರಾತ್ರಿ ಕುರುಕ್ಷೇತ್ರಕ್ಕೆಂದು ಸುತ್ತ ಹತ್ತು ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಜಲಗಾರವನ್ನು ಮೊದಲು ಇಟ್ಟದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಹಿರಿಯರಿಗೆ ಕುರ್ಚಿ, ಅದರ ಹಿಂದೆ ಚಾಪೆ, ಕೊನೆಯಲ್ಲಿ ಬೇಲಿಯ ಪಕ್ಕ ಕಾಲೋನಿಯವರು. ಬಣ್ಣದವನು ಕೊಬ್ಬರಿ ಎಣ್ಣೆಯಲ್ಲಿ ಸಫೇದ ಕಲಸಿಕೊಂಡು ಶಿವನಿಗಾಗಿ ಕಾದಿದ್ದ. ಹಾವು, ಹುಲಿಚರ್ಮದ ಬಟ್ಟೆ ಎಲ್ಲ ತಂದಿದ್ದ. ಕನ್ನಡ ಮೇಷ್ಟ್ರು ಯಾವುದೂ ಬೇಡವೆಂದರು. ಹಣೆಗೆ ವಿಭೂತಿ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲಿ ತಾಯಿ ಕಟ್ಟಿದ ಪೊರಕೆ. ಹುಡುಗ ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು, “ಸಾಕು” ಅಂದ.

ಗೌಡರ ಮಗ ಗುಡಿಸುತ್ತಾ ಬಂದಾಗ ಜನ ಮೊದಲು ನಕ್ಕರು. ಮಣ್ಣಿನ ರಂಗ, ನಿಜವಾದ ಧೂಳೇ ಎದ್ದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಅಪ್ಪ ಎದ್ದು ಹೊರಟುಹೋದರು. ಮಗ ಕಂಡ. ಒಂದು ಗಳಿಗೆ ಅವನ ಮಾತು ಕಟ್ಟಿತು. ನಾನು ಪರದೆಯ ಸಂದಿನಿಂದ ಎತ್ತಿಕೊಟ್ಟೆ, ಅವನು ಕಿವಿಗೊಡಲಿಲ್ಲ. ಬಗ್ಗಿ, ಎಡಗೈ ಬೆನ್ನ ಮೇಲಿಟ್ಟು, ರಂಗದ ಈ ತುದಿಯಿಂದ ಆ ತುದಿಗೆ ಸುಮ್ಮನೆ ಗುಡಿಸಿದ. ಪೆಟ್ಟಿಗೆ ಮೇಷ್ಟ್ರು ಒಂದೇ ಸ್ವರ ಹಿಡಿದು ಕಾದರು. ನಗು ನಿಂತಿತು. ಕಡ್ಡಿ ನೆಲ ಸವರುವ ಸದ್ದು ಬೇಲಿಯ ತನಕ ಕೇಳಿಸುತ್ತಿತ್ತು. ಆಮೇಲೆ ಅವನಿಗೆ ಮಾತು ತಾನಾಗಿ ಬಂತು.

ಕೊನೆಗೆ ಶಿವ ಬಂದ. ಗ್ಯಾಸ್ ಲೈಟಿಗೆ ನೀಲಿ ಕಾಗದ ಅಡ್ಡ ಹಿಡಿದಿದ್ದೆವು. ಅದೇ ಅಳತೆಯ ಇನ್ನೊಂದು ಪೊರಕೆ ಕಂಡ ಕೂಡಲೇ ಬಯಲು ನಿಶ್ಶಬ್ದವಾಯಿತು. ಆ ಕಂಠ ಎದ್ದಾಗ ಹಿಂದೆ ಬೇಲಿಯ ಪಕ್ಕದಿಂದ ಒಂದು ಆಕಾರ ಚಾಪೆಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬರುತ್ತಿರುವುದನ್ನು ನೋಡಿದೆ. ಅವನ ತಾಯಿ. ಯಾರೂ ತಡೆಯಲಿಲ್ಲ, ತಡೆಯಬೇಕೆಂದು ಯಾರಿಗೂ ಆ ಗಳಿಗೆಯಲ್ಲಿ ಹೊಳೆದಿರಲಾರದು. ಗೌಡರು ಬಿಟ್ಟುಹೋಗಿದ್ದ ಕುರ್ಚಿಯ ಪಕ್ಕ, ನೆಲದ ಮೇಲೆ, ರಂಗಕ್ಕೆ ಮೂರು ಮೊಳ ದೂರದಲ್ಲಿ ಅವರು ಕೂತರು. ಮಗನ ಮುಖವನ್ನಲ್ಲ, ಅವನ ಕೈಯಲ್ಲಿದ್ದ ಪೊರಕೆಯನ್ನೇ ನೋಡುತ್ತಿದ್ದರು. ಆಮೇಲೆ ಕುರುಕ್ಷೇತ್ರ ಶುರುವಾಗಿ, ಬೆಳಗಿನ ಜಾವ ಭೀಮ ದುರ್ಯೋಧನನ ತೊಡೆ ಮುರಿಯುವ ತನಕ ಅವರು ಅಲ್ಲಿಂದ ಏಳಲಿಲ್ಲ.

ಆ ಒಂದು ರಾತ್ರಿಯಿಂದ ಊರು ಬದಲಾಗಲಿಲ್ಲ. ಗೌಡರು ಮಗನ ಜೊತೆ ಮತ್ತೆ ಮಾತಾಡಲು ಮೂರು ವರ್ಷ ಹಿಡಿಯಿತು. ಕಾಲೋನಿಯವರಿಗೆ ಗುಡಿಯ ಬಾಗಿಲು ತೆರೆದದ್ದು ಹದಿಮೂರು ವರ್ಷದ ಮೇಲೆ, ಅದೂ ಅಧಿಕಾರಿಗಳು ಪೊಲೀಸರೊಂದಿಗೆ ಬಂದು ನಿಂತ ಮೇಲೆ. ಆದರೆ ಯುವಕ ಸಂಘದಲ್ಲಿ ಪಾರ್ಟಿಗೆ ದುಡ್ಡು ಕಟ್ಟುವುದು ಅದೇ ವರ್ಷ ನಿಂತಿತು. ಕಂಠ ನೋಡಿ, ಮಾತು ನೋಡಿ ಪಾರ್ಟು. ಖರ್ಚು ಎಲ್ಲರದೂ. ಮುಂದಿನ ಶಿವರಾತ್ರಿಗೆ ಕುರುಕ್ಷೇತ್ರದ ಕೃಷ್ಣ ಯಾರು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೊನೆಗೂ ಅವನಿಗೆ ಕಿರೀಟ ಸಿಕ್ಕಿತು. ಊರವರು ಇವತ್ತಿಗೂ ಅವನನ್ನು ಶಿವ ಅಂತಲೇ ಕರೆಯುವುದು. ಮೇಷ್ಟ್ರಾಗಿ ನಿವೃತ್ತನಾಗಿದ್ದಾನೆ, ಈಗ ನಮ್ಮ ಕಣದ ಬೆಂಕಿಯ ಆ ಬದಿಯಲ್ಲಿ ಕೂತು ಮಕ್ಕಳಿಗೆ ಮಾತು ತಿದ್ದುವವನು ಅವನೇ. ಜಲಗಾರನಾಗಿದ್ದವನು ಎಂಟು ವರ್ಷದ ಹಿಂದೆ ತೀರಿಕೊಂಡ. ಅವನ ಮನೆಯಲ್ಲಿ ಆ ಪೊರಕೆ ಅಟ್ಟದ ಮೇಲೆ ಇತ್ತಂತೆ. ಮೊಮ್ಮಗಳು ಹುಡುಕಿ ತಂದಿದ್ದಾಳೆ. ಅಂದು ಪುಸ್ತಕ ಮಡಚಿಟ್ಟು ನನ್ನನ್ನು ಪ್ರಶ್ನೆ ಕೇಳಿದವಳು ಅವಳೇ. ಈ ಸಲ ಜಲಗಾರನ ಪಾರ್ಟು ಅವಳದು.

ಶಿವರಾತ್ರಿಯ ರಾತ್ರಿ ಒಂಬತ್ತೂವರೆಗೆ ಮೂರನೇ ಬೆಲ್. ಜಾಗ ಶಿವನ ಗುಡಿಯ ಮುಂದೆ. ಕುರ್ಚಿ ಹಾಕುವುದಿಲ್ಲ, ಎಲ್ಲರಿಗೂ ಚಾಪೆ. ಕಾಫಿ ನಮ್ಮ ಮನೆಯದು. ದಯವಿಟ್ಟು ಬನ್ನಿ.